ನಾವು ಯಾವ ಕ್ಲಸ್ಟರಿನಲ್ಲಿ ನಿಂತಿದ್ದೇವೆ?

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗದಲ್ಲಿ ಅಧ್ಯಾಪಕರು, ಬ್ಯಾಂಕಿನವರು ಇರುವಂತೆಯೇ ಸರ್ವರುಗಳ ಕಾವಲಿನವರೂ ಇದ್ದಾರೆ. ಸಾಹಿತ್ಯದ ಮಾತು ಮುಗಿದ ಮೇಲೆ ವೃತ್ತಿಯ ಮಾತು ಬರುವುದು ಸಹಜ. ಕುಬರ್ನೆಟೀಸ್ ನಿರ್ವಹಣೆಗೆ ಯಾವ ಪ್ಲಗಿನ್ ಉತ್ತಮ ಎಂಬ ಚರ್ಚೆ ಈಚೆಗೆ ನಮ್ಮಲ್ಲಿ ನಡೆಯಿತು. ಟೈಪು ಮಾಡುವ ಶ್ರಮವನ್ನು ಹೆಚ್ಚು ಉಳಿಸುವುದೇ ಉತ್ತಮ ಎಂಬುದು ರೂಢಿಯ ಉತ್ತರ. ಅದನ್ನು ನಾವು ಒಪ್ಪುವುದಿಲ್ಲ.

ಈ ಕ್ಷೇತ್ರದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅನೇಕ ಯಂತ್ರಗಳಲ್ಲಿ ಹರಡಿಕೊಂಡ ಕಂಟೇನರುಗಳನ್ನು ಒಂದೇ ಸಮೂಹವಾಗಿ ನಡೆಸುವ ಮುಕ್ತ ತಂತ್ರಾಂಶ ಕುಬರ್ನೆಟೀಸ್. 2014ರಲ್ಲಿ ಗೂಗಲ್ ಅದನ್ನು ಹೊರತಂದಿತು. ಗ್ರೀಕ್ ಮೂಲದ ಆ ಹೆಸರಿಗೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಕ್ಯೂಬ್‌ಸಿಟಿಎಲ್ ಅದರ ಕಮಾಂಡ್ ಲೈನ್ ಸಾಧನ. ಆ ಹೆಸರಿನ ಮುಂದೆ ಅಡ್ಡಗೆರೆ ಹಾಕಿ ಹೆಸರಿಟ್ಟ ಯಾವುದೇ ಪ್ರೋಗ್ರಾಮು ಅದರ ಪ್ಲಗಿನ್ ಆಗಬಲ್ಲದು, 2019ರ 1.14ನೇ ಆವೃತ್ತಿಯಲ್ಲಿ ಈ ವ್ಯವಸ್ಥೆ ಸ್ಥಿರಗೊಂಡಿತು. ಇಷ್ಟು ಸುಲಭವಾದ್ದರಿಂದಲೇ ಕ್ರೂ ಎಂಬ ಪ್ಲಗಿನ್ ಭಂಡಾರದಲ್ಲಿ ಇನ್ನೂರಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಅವುಗಳ ಸುರಕ್ಷತೆಯನ್ನು ತಾವು ಪರಿಶೀಲಿಸಿಲ್ಲವೆಂದು ಕ್ರೂ ನಡೆಸುವವರೇ ಎಚ್ಚರಿಸುತ್ತಾರೆ.

ಇವುಗಳಲ್ಲಿ ಮೊದಲು ಗುರುತಿಸಬೇಕಾದ ಭೇದ ಒಂದಿದೆ. ಕೆಲವು ಸಾಧನಗಳು ಓದುತ್ತವೆ, ಅಷ್ಟೆ. ಹಲವು ಪಾಡ್‌ಗಳ ಲಾಗ್‌ಗಳನ್ನು ಒಟ್ಟಿಗೆ ತೋರಿಸುವ ಸ್ಟರ್ನ್, ಯಾವ ವಸ್ತು ಯಾವುದರಿಂದ ಹುಟ್ಟಿತೆಂದು ವಂಶವೃಕ್ಷದಂತೆ ಬಿಡಿಸಿಡುವ ಟ್ರೀ ಈ ಬಗೆಯವು. ಇವುಗಳ ಆಯ್ಕೆ ಅವರವರ ರುಚಿಗೆ ಬಿಟ್ಟದ್ದು. ಮತ್ತೆ ಕೆಲವು ನಾವು ನಿಂತ ನೆಲವನ್ನೇ ಬದಲಿಸುತ್ತವೆ. ಅಲ್ಲಿ ರುಚಿಯ ಮಾತು ಸಾಲದು.

ಕ್ಯೂಬ್‌ಸಿಟಿಎಕ್ಸ್ ಅಂಥದ್ದು. ಉದ್ದನೆಯ ಆದೇಶದ ಬದಲು ಒಂದೇ ಪದದಲ್ಲಿ ಒಂದು ಕ್ಲಸ್ಟರಿನಿಂದ ಮತ್ತೊಂದಕ್ಕೆ ದಾಟಿಸುತ್ತದೆ. ಆದರೆ ರೂಢಿಯ ಬಳಕೆಯಲ್ಲಿ ಅದು ತಿದ್ದುವುದು ಎಲ್ಲ ಟರ್ಮಿನಲ್‌ಗಳೂ ಓದುವ ಒಂದೇ ಸಂರಚನಾ ಕಡತವನ್ನು. ಒಂದು ಕಿಟಕಿಯಲ್ಲಿ ದಾಟಿದರೆ ಉಳಿದ ಕಿಟಕಿಗಳೂ ಸದ್ದಿಲ್ಲದೆ ದಾಟಿರುತ್ತವೆ. ಸೂರತ್ತಿನ ನಮ್ಮ ಗೆಳೆಯರೊಬ್ಬರು ದೀಪಾವಳಿಗೆ ಮುಂಚಿನ ವಾರ ಲಾಗ್ ನೋಡಲೆಂದು ಒಂದು ಕಿಟಕಿಯಲ್ಲಿ ಗ್ರಾಹಕರ ಕ್ಲಸ್ಟರಿಗೆ ಹೋದರು. ಬಳಿಕ ಇನ್ನೊಂದು ಕಿಟಕಿಯಲ್ಲಿ, ಪರೀಕ್ಷೆಯ ಕ್ಲಸ್ಟರಿನಲ್ಲೇ ಇದ್ದೇನೆಂಬ ನಂಬಿಕೆಯಿಂದ, ಅಳಿಸುವ ಆದೇಶ ಕೊಟ್ಟರು. ಸೀರೆ ವ್ಯಾಪಾರಿಗಳ ಆರ್ಡರುಗಳು ಮುಕ್ಕಾಲು ಗಂಟೆ ನಿಂತುಹೋದವು. ಅವರು ಅಜಾಗರೂಕರಲ್ಲ, ಹಿಂದಿನ ಕ್ಷಣದವರೆಗೂ ಅವರ ನಂಬಿಕೆ ನಿಜವೇ ಆಗಿತ್ತು.

ಕ್ಯೂಬೀ ಎಂಬ ಪ್ರತ್ಯೇಕ ಸಾಧನ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತದೆ. ಕ್ಲಸ್ಟರನ್ನು ಆರಿಸಿದಾಗ ತನ್ನದೇ ತಾತ್ಕಾಲಿಕ ಕಡತವುಳ್ಳ ಹೊಸ ಶೆಲ್ ತೆರೆಯುತ್ತದೆ. ಅಲ್ಲಿ ಆದದ್ದು ಅಲ್ಲಿಗೇ ಸೀಮಿತ. ಶೆಲ್ಲಿನೊಳಗೊಂದು ಶೆಲ್ ಎಂಬ ಗೊಂದಲ ಮೊದಮೊದಲು ಕಾಡುವುದುಂಟು. ಆ ಬೆಲೆಯನ್ನು ತೆರುವುದು ಲೇಸೆಂದು ನಮ್ಮ ಅಭಿಪ್ರಾಯ.

ಪ್ರತಿ ಆದೇಶದಲ್ಲೂ ಕ್ಲಸ್ಟರಿನ ಹೆಸರು ಬರೆದರೆ ಪ್ಲಗಿನ್ನೇ ಬೇಡವಲ್ಲ ಎಂದು ವಡೋದರಾದ ಮಿತ್ರರು ವಾದಿಸಿದರು. ತತ್ತ್ವವಾಗಿ ಅದು ಸರಿ. ಆದರೆ ನಡುರಾತ್ರಿಯ ಕರೆಗೆ ಎದ್ದು ಕೂತವನ ಶಿಸ್ತನ್ನು ನಂಬಿ ವ್ಯವಸ್ಥೆ ಕಟ್ಟಲಾಗದು. ಸದ್ಯದ ಕ್ಲಸ್ಟರಿನ ಹೆಸರನ್ನು ಪ್ರಾಂಪ್ಟಿನಲ್ಲೇ ತೋರಿಸುವ ಕ್ಯೂಬ್-ಪಿಎಸ್1 ಇದ್ದರೆ ಸಾಲದೇ ಎಂದರು ಅಹಮದಾಬಾದಿನವರು. ಅದು ಇರಲೇಬೇಕು. ಆದರೂ ಮುಂದಿನ ಪ್ರಾಂಪ್ಟ್ ಮೂಡುವವರೆಗೆ ಹಳೆಯ ಕಿಟಕಿಯಲ್ಲಿ ಹಳೆಯ ಹೆಸರೇ ನಿಂತಿರುತ್ತದೆ. ನಮ್ಮ ಗೆಳೆಯರು ಎಡವಿದ್ದು ಅಂಥ ಕ್ಷಣದಲ್ಲೇ.

ಒಂದೇ ಕ್ಲಸ್ಟರ್ ಇರುವವರಿಗೆ ಈ ಚಿಂತೆಯಿಲ್ಲ. ಪರೀಕ್ಷೆಯ ಕ್ಲಸ್ಟರುಗಳ ನಡುವೆಯಷ್ಟೇ ಓಡಾಡುವವರು ಕ್ಯೂಬ್‌ಸಿಟಿಎಕ್ಸನ್ನು ನಿಶ್ಚಿಂತೆಯಿಂದ ಬಳಸಬಹುದು. ಗ್ರಾಹಕರ ಕ್ಲಸ್ಟರಿಗೂ ಕೈಹಾಕುವವರು ಮಾತ್ರ ಹಾಗಿರಲಾಗದು. ದೀಪಾವಳಿಯಂದು ಈ ನಾಡಿನ ವ್ಯಾಪಾರಿಗಳು ಚೋಪಡಾ ಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಎರಡು ಅಂಗಡಿಗಳಿದ್ದರೆ ಎರಡು ಪುಸ್ತಕ. ಪುಟ ತಿರುಗಿಸುವ ಶ್ರಮ ಉಳಿಯಲೆಂದು ಯಾರೂ ಎರಡನ್ನೂ ಒಂದರಲ್ಲಿ ಬರೆಯುವುದಿಲ್ಲ.