ನೆಲಮಂಗಟ್ಟೆಯ ಲೆಕ್ಕ

ಭೌತಶಾಸ್ತ್ರವನ್ನು ಬೋಧಿಸುವವರಿಗೆ ಪಕ್ಷಿಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಆಫ್ರಿಕಾದ ಹಕ್ಕಿಯೊಂದು ನಮ್ಮ ಪಾಠದ ಮೂರು ವಿಷಯಗಳನ್ನು ತನ್ನ ಬಾಳಿನಲ್ಲಿಯೇ ಹೊತ್ತು ತಿರುಗುತ್ತಿದೆಯೆಂಬುದು ನಮ್ಮ ಉತ್ತರ. ಕೀನ್ಯದಿಂದ ದಕ್ಷಿಣ ಆಫ್ರಿಕಾದವರೆಗಿನ ಮರ ವಿರಳವಾದ ಹುಲ್ಲುಗಾವಲುಗಳಲ್ಲಿ ಇದರ ವಾಸ. ದಾಂಡೇಲಿಯ ಕಾಡಿನಲ್ಲಿ ನಾವು ಕಾಣುವ ಮಂಗಟ್ಟೆಗಳಿಗೆ ಇದು ದೂರದ ಬಂಧು. ಇದನ್ನು ನೆಲಮಂಗಟ್ಟೆಯೆಂದು ಕರೆಯೋಣ.

ನಮ್ಮ ಮಂಗಟ್ಟೆಗಳು ಮರದ ಮೇಲೆ ಹಣ್ಣನ್ನು ಆಯ್ದು ತಿನ್ನುವುವು. ಹೆಣ್ಣು ಪೊಟರೆಯ ಬಾಯನ್ನು ಮುಚ್ಚಿಕೊಂಡು ಒಳಗೆ ಸೆರೆಯಾಗುವುದು. ನೆಲಮಂಗಟ್ಟೆಯ ರೀತಿ ಬೇರೆ. ಕಪ್ಪು ಮೈಯ, ಕೆಂಪು ಕೊರಳಿನ ಈ ದೊಡ್ಡ ಹಕ್ಕಿ ಗುಂಪುಗೂಡಿ ನೆಲದ ಮೇಲೆ ನಡೆಯುತ್ತ ಕೀಟ, ಕಪ್ಪೆ, ಹಾವುಗಳನ್ನು ಬೇಟೆಯಾಡುವುದು. ಅದರ ಪೊಟರೆಯ ಬಾಗಿಲು ತೆರೆದೇ ಇರುವುದು.

ಮೊದಲನೆಯ ಪಾಠ ಧ್ವನಿಯದು. ನಸುಕಿನಲ್ಲಿ ಈ ಹಕ್ಕಿ ಗುಡುಗಿನಂತೆ ಕೂಗಿದರೆ 3 ಕಿಲೋಮೀಟರು ದೂರದವರೆಗೂ ಕೇಳಿಸುವುದು. ಸಿಂಹದ ಗರ್ಜನೆಯೆಂದು ಭ್ರಮಿಸಿದವರುಂಟು. ಮಂದ್ರಸ್ವರದ ದೀರ್ಘ ತರಂಗಗಳು ಹುಲ್ಲುಪೊದೆಗಳಿಂದ ಅಷ್ಟಾಗಿ ಚದರವು.

ಎರಡನೆಯದು ಸಮತಲ ದರ್ಪಣದ ಪಾಠ. ಮನೆಯ ಕಿಟಕಿಯ ಗಾಜಿನಲ್ಲಿ ತನ್ನ ಬಿಂಬವನ್ನು ಕಂಡ ಹಕ್ಕಿ, ಎದುರಾಳಿಯು ತನ್ನ ಸೀಮೆಯನ್ನು ಹೊಕ್ಕನೆಂದು ತಿಳಿದು, ಕೊಕ್ಕಿನಿಂದ ಕುಕ್ಕಿ ಗಾಜನ್ನು ಒಡೆಯುವುದು. ಇದಕ್ಕಾಗಿ ಅದನ್ನು ಕೊಂದವರಿದ್ದಾರೆ. ಬಿಂಬವು ಮಿಥ್ಯೆಯೆಂದು ಹಕ್ಕಿಗೆ ಕಲಿಸಲಾಗದು. ಗಾಜನ್ನು ಮಸುಕುಗೊಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಮೂರನೆಯ ಪಾಠವೇ ಮುಖ್ಯವಾದುದು. ವಸ್ತುವಿನ ಸ್ಥಾನವನ್ನಷ್ಟೇ ತಿಳಿದರೆ ಸಾಲದು, ವೇಗವನ್ನೂ ತಿಳಿಯಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ನೆಲಮಂಗಟ್ಟೆಯ ವಿಷಯದಲ್ಲಿ ಜನ ಸ್ಥಾನವನ್ನು ಮಾತ್ರ ನೋಡುತ್ತಾರೆ. 'ನಿನ್ನೆ ಐದು ಹಕ್ಕಿ ಕಂಡೆವು, ಭಯವಿಲ್ಲ' ಎನ್ನುತ್ತಾರೆ. ಆದರೆ ಗುಂಪಿನಲ್ಲಿ ಒಂದೇ ಜೋಡಿ ಮೊಟ್ಟೆಯಿಡುವುದು, ಉಳಿದವು ಸಹಾಯಕರು. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಅಧ್ಯಯನದಂತೆ, ಗುಂಪೊಂದು ಪ್ರಾಯಕ್ಕೆ ತರುವುದು ಸರಾಸರಿ ಸುಮಾರು 9 ವರ್ಷಕ್ಕೆ ಒಂದೇ ಮರಿಯನ್ನು. ನರಿಗೆಂದು ಇಟ್ಟ ವಿಷದ ಮಾಂಸವನ್ನು ತಿಂದು ಐದು ಹಕ್ಕಿಗಳು ಒಂದೇ ಸಂಜೆ ಸತ್ತರೆ, ಇನ್ನೊಂದು ಗುಂಪು ಆ ನಷ್ಟವನ್ನು ತುಂಬಲು 45 ವರ್ಷ ಬೇಕು! ಹಕ್ಕಿ ದೀರ್ಘಾಯುವಾದುದರಿಂದ ಮರಿಗಳು ನಿಂತುಹೋದರೂ ಮುದಿಹಕ್ಕಿಗಳು ಬಹುಕಾಲ ಕಣ್ಣಿಗೆ ಬೀಳುತ್ತಲೇ ಇರುವುವು. 2010ರಲ್ಲಿ ಇದನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಲಾಯಿತು.

ಸಾಮಾನ್ಯವಾಗಿ ಎರಡು ಮೊಟ್ಟೆಗಳಿರುವುವು. ಕೆಲವು ದಿನ ತಡವಾಗಿ ಹುಟ್ಟುವ ಎರಡನೆಯ ಮರಿ ಹಸಿವಿನಿಂದ ಸಾಯುವುದು. ದಕ್ಷಿಣ ಆಫ್ರಿಕಾದ ಮಬೂಲದಲ್ಲಿ 1999ರಲ್ಲಿ ಆರಂಭವಾದ ಯೋಜನೆಯವರು ಅಂತಹ ಮರಿಯನ್ನು ಎತ್ತಿ ತಂದು ಸಾಕುತ್ತಾರೆ. ಪ್ರಕೃತಿಯ ಕಾರ್ಯದಲ್ಲಿ ಮನುಷ್ಯನು ಕೈಹಾಕಬಾರದೆಂಬ ಆಕ್ಷೇಪವನ್ನು ನಾವು ಒಪ್ಪೆವು. ವಿಷವಿಟ್ಟು, ಗೂಡಿನ ಮರವನ್ನು ಕಡಿದು ಮನುಷ್ಯನು ಆಗಲೇ ಕೈಹಾಕಿದ್ದಾನೆ. ಆದರೆ ಮರಿಯನ್ನು ಸಾಕಿದರಷ್ಟೇ ಸಾಲದು. ವಿಷವಿಲ್ಲದ ಬಯಲೂ ಪೊಟರೆಯುಳ್ಳ ಹಳೆಯ ಮರವೂ ಅದಕ್ಕೆ ಬೇಕು.

ವಿದ್ಯಾರ್ಥಿಗಳೆ, ಯಾವುದೇ ಜೀವಿ ಸುರಕ್ಷಿತವಾಗಿದೆಯೆಂದು ಯಾರಾದರೂ ಹೇಳಿದರೆ, ಎಷ್ಟು ಇವೆಯೆಂದು ಕೇಳಿ ಸುಮ್ಮನಾಗಬೇಡಿರಿ. ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಮರಿಗಳು ಬೆಳೆದು ದೊಡ್ಡವಾದುವೆಂದೂ ಕೇಳಿರಿ.