ಕೀಲಿ ಕೊಡುವ ವಿವೇಕ

ಕಳೆದ ಮಳೆಗಾಲದ ಒಂದು ಸಂಜೆ, ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಹಿರಿಯರೊಬ್ಬರು ತಮ್ಮ ಸ್ಕೂಟರಿನ ಬಳಿ ಸುಮ್ಮನೆ ನಿಂತಿದ್ದರು. ವಯಸ್ಸು ಎಪ್ಪತ್ತನ್ನು ದಾಟಿದೆ. ವಿಚಾರಿಸಿದೆವು. ಬರುವಾಗ ರಾವೂರಿನ ಸಮೀಪ ಎದುರಿನ ಸಿಮೆಂಟ್ ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಹಿಂದೆ ದೀಪವಿಲ್ಲದೆ ನಿಂತಿದ್ದ ಶಹಾಬಾದ್ ಕಲ್ಲಿನ ಟ್ರ್ಯಾಕ್ಟರು ತೀರ ಹತ್ತಿರವಾಗುವವರೆಗೂ ಅವರಿಗೆ ಕಾಣಲೇ ಇಲ್ಲವಂತೆ. ಸ್ಕೂಟರಿನ ಮುಂಭಾಗದಲ್ಲಿ ನಿಂತು ಬಂದಿದ್ದ ಮೊಮ್ಮಗಳು ಏನೂ ಅರಿಯದೆ ದೇವಾಲಯದ ಅಂಗಳದಲ್ಲಿ ಆಡುತ್ತಿದ್ದಳು. “ಮನ್ಯಾಗ ಹೇಳಬ್ಯಾಡ್ರಿ ಫಾದರ್” ಎಂದು ಕೈಮುಗಿದರು. ಅದು ಪಾಪನಿವೇದನೆಯಲ್ಲವಾದರೂ ನಾವು ಬಾಯಿ ಬಿಡಲಿಲ್ಲ. ಇಂದು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಕಾನೂನಿನ ನೆರವು ಇಲ್ಲಿ ಅಷ್ಟಕ್ಕಷ್ಟೆ. ಇಂತಿಷ್ಟು ವಯಸ್ಸಿಗೆ ವಾಹನ ನಡೆಸುವುದನ್ನು ನಿಲ್ಲಿಸಬೇಕೆಂಬ ಮಿತಿ ನಮ್ಮ ದೇಶದಲ್ಲಿಲ್ಲ. 55 ದಾಟಿದವರು ಪರವಾನಗಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು, ವೈದ್ಯರ ಪ್ರಮಾಣಪತ್ರ ಲಗತ್ತಿಸಬೇಕು. ನಮ್ಮ ಪತ್ರಕ್ಕೆ ಸಹಿ ಹಾಕಿದ ವೈದ್ಯರು ನಮ್ಮ ಕಣ್ಣನ್ನು ನೋಡಲೇ ಇಲ್ಲ!

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ತಗ್ಗುತ್ತದೆ. ಪ್ರಖರ ದೀಪಕ್ಕೆ ಕುಕ್ಕಿದ ಕಣ್ಣು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಕುತ್ತಿಗೆ ಪೂರ್ತಿ ಹೊರಳದು, ಕಾಲು ಬ್ರೇಕಿಗೆ ತಡವಾಗಿ ಹೋಗುತ್ತದೆ. ಕೆಲವು ಮಾತ್ರೆಗಳು ಮಂಪರು ತರುತ್ತವೆ. ಇದೆಲ್ಲ ಸಾಸಿವೆಯಷ್ಟು ಸಾಸಿವೆಯಷ್ಟಾಗಿ ಬರುವುದರಿಂದ ನಡೆಸುವವರಿಗೆ ತಿಳಿಯದು. ಹಿಂದೆ ಕುಳಿತ ಹೆಂಡತಿಗೆ ತಿಳಿಯುತ್ತದೆ. ವಾಹನದ ಮೇಲೆ ಹೊಸ ಗೀರುಗಳು, ನಿತ್ಯದ ತಿರುವಿನಲ್ಲೇ ತಡವರಿಕೆ, ಹಿಂದಿನವರ ಹಾರ್ನಿಗೆ ಬೆಚ್ಚುವುದು: ಇವನ್ನು ಮನೆಯವರು ಕಂಡೂ ಮೌನವಾಗಿರುತ್ತಾರೆ. ಆ ಮೌನವನ್ನು ಗೌರವವೆಂದು ನಾವು ಒಪ್ಪಲಾರೆವು.

ಸಂತ ತೋಮಸ್ ಅಕ್ವಿನಾಸರು ವಿವೇಕದ ಅಂಗಗಳಲ್ಲಿ ಪರರಿಂದ ಕಲಿಯುವ ವಿನಯವನ್ನೂ ಎಣಿಸಿದ್ದಾರೆ; ಹಿರಿಯರಿಗೂ ಅದು ಬೇಕೆಂದಿದ್ದಾರೆ. ಬ್ರಿಟನ್ನಿನ ರಾಜಕುಮಾರ ಫಿಲಿಪ್ 2019ರ ಜನವರಿಯಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಅಪಘಾತಕ್ಕೀಡಾಗಿ ಇನ್ನೊಂದು ಕಾರಿನಲ್ಲಿದ್ದ ಇಬ್ಬರು ಮಹಿಳೆಯರು ಗಾಯಗೊಂಡ ಮೇಲೆ, ಮರುತಿಂಗಳು ಪರವಾನಗಿ ಒಪ್ಪಿಸಿದರು. ಅದಕ್ಕೆ ಮುಂಚೆ ಮನೆಯಲ್ಲಿ ಯಾರಾದರೂ ಹೇಳಿದ್ದರೋ ಏನೋ. ಧರ್ಮಕೇಂದ್ರದ ಗುರುಗಳು 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕೆಂದು ಧರ್ಮಸಭೆ ಕೇಳಿಕೊಳ್ಳುತ್ತದೆ. ಆ ದಿನ ನಮಗೂ ದೂರವಿಲ್ಲ.

ಆದರೆ ಮಕ್ಕಳಿಗೊಂದು ಮಾತು. ಕೀಲಿ ಕಸಿದುಕೊಂಡು ಅಪ್ಪನನ್ನು ಮನೆಯ ಮೂಲೆಯಲ್ಲಿ ಕೂರಿಸುವುದು ಕ್ರೌರ್ಯ. ಈ ಕಡೆಯ ಹಳ್ಳಿಗಳಲ್ಲಿ ಸ್ಕೂಟರೆಂದರೆ ಔಷಧಿ, ಪಿಂಚಣಿ, ಸ್ನೇಹಿತರು, ಪೂಜೆ ಎಲ್ಲವೂ. ಮೊದಲು ರಾತ್ರಿಯ ಸಂಚಾರ ಬಿಡಿಸಿರಿ, ಕಣ್ಣು ಪರೀಕ್ಷೆ ಮಾಡಿಸಿರಿ; ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಬಹುದು. ಅದಕ್ಕೂ ಮೀರಿದ್ದಾದರೆ, ಕೀಲಿ ಕೇಳುವ ದಿನವೇ ಯಾರು, ಎಂದು, ಎಲ್ಲಿಗೆ ಕರೆದೊಯ್ಯುವರೆಂದೂ ಹೇಳಿರಿ.

ಆ ಹಿರಿಯರು ಈಗ ನೆರೆಮನೆಯ ತರುಣನ ಬೈಕಿನಲ್ಲಿ ಬರುತ್ತಾರೆ. ಅವನ ವೇಗ ಹೆಚ್ಚಾಯಿತೆಂದು ದಾರಿಯುದ್ದಕ್ಕೂ ಗದರುತ್ತಾರಂತೆ. ಇಂಥ ಇನ್ನಿಬ್ಬರು ನಮ್ಮಲ್ಲಿದ್ದಾರೆ. ಭಾನುವಾರದ ಪೂಜೆಗೆ ಬೈಕಿನಲ್ಲಿ ಒಬ್ಬರೇ ಬರುವ ಯುವಕರು ಗುರುನಿವಾಸದಲ್ಲಿ ಹೆಸರು ಕೊಡಲಿ.