ಮನೆವಾರ್ತೆ: ಹಗೇವು ಮುಚ್ಚುವ ಮೊದಲು

ಈ ಅಂಕಣವನ್ನು ಓದುವ ಗೃಹಸ್ಥರಲ್ಲಿ ಬಹುಮಂದಿಯ ಮೂಲವು ಯಾವುದಾದರೊಂದು ಹಳ್ಳಿಯಲ್ಲಿರುವುದೆಂಬುದನ್ನು ನಾವು ಬಲ್ಲೆವು. ಊರಿನಲ್ಲೊಂದು ತೊಟ್ಟಿಯ ಮನೆ, ಅದಕ್ಕೆ ಹೊಂದಿಕೊಂಡ ದನದ ಕೊಟ್ಟಿಗೆ, ಅಂಗಳದ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಹಗೇವು. ಇವುಗಳ ಯಜಮಾನಿಕೆ ಈಗ ನಾಲ್ವರು ಅಣ್ಣತಮ್ಮಂದಿರಿಗೆ ಸೇರಿದ್ದು, ನಾಲ್ವರೂ ನಾಲ್ಕು ಪಟ್ಟಣಗಳಲ್ಲಿರುವರು. ಪಾಲುಪಾರಿಕತ್ತಿನ ಮಾತು ಬಂದಾಗ ಹೊಲಕ್ಕೆ ಬೆಲೆ ಕಟ್ಟುವರು, ಮನೆಗೆ ಬೆಲೆ ಕಟ್ಟುವರು. ಕೊಟ್ಟಿಗೆಗೆ ಮಾತ್ರ ಅದರ ತೊಲೆಕಂಬಗಳ ಬೆಲೆಯೇ ಬೆಲೆ. ಹಳೆಯ ಮರದ ವ್ಯಾಪಾರಿಯು ಲಾರಿಯನ್ನು ತಂದು ಎರಡು ದಿನಗಳಲ್ಲಿ ಎಲ್ಲವನ್ನೂ ಬಿಚ್ಚಿಕೊಂಡು ಹೋಗುವನು. ಈ ತಿಂಗಳು ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆವು.

ಹಗೇವೆಂದರೆ ಬರಿಯ ಗುಂಡಿಯಲ್ಲ. ನೀರು ನಿಲ್ಲದ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯನು ಇಳಿಯುವಷ್ಟು ಮಾತ್ರ ಬಾಯಿಯನ್ನಿಟ್ಟು, ಕೆಳಗೆ ಹೋದಂತೆಲ್ಲ ಹೂಜಿಯ ಹೊಟ್ಟೆಯಂತೆ ಅಗಲಿಸಿ ತೋಡಿದ ನೆಲದೊಳಗಣ ಕಣಜವದು. ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿದರೆ ಒಳಕ್ಕೆ ಗಾಳಿಯಾಡದು. ಧಾನ್ಯವು ತಾನೇ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಕಡಮೆ ಮಾಡುವುದರಿಂದ ಹುಳುಗಳಿಗೆ ಅಲ್ಲಿ ಬದುಕಿಲ್ಲ. ರಾಗಿಯ ಕಾಳು ಬಹು ಸಣ್ಣದಾದುದರಿಂದ ಅದಕ್ಕೆ ಹುಳು ಹಿಡಿಯುವುದೇ ಅಪರೂಪ. ಹೀಗೆ ವರ್ಷಗಟ್ಟಲೆ ರಾಗಿ ಕೆಡದೆ ಉಳಿಯುತ್ತಿತ್ತು. ಉತ್ತರದ ಬಯಲುಸೀಮೆಯವರು ಜೋಳವನ್ನೂ ಹೀಗೆಯೇ ಹೂಳುತ್ತಿದ್ದರು.

ಇಷ್ಟು ಶ್ರಮ ಏತಕ್ಕೆಂದರೆ, ಹಿರಿಯರು ಬರವನ್ನು ಕಂಡವರು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಹಾಳು ಸುರಿಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರ ಗಣತಿಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು. ಅದಾದ ಮೇಲೆ ಹುಟ್ಟಿದವರಿಗೂ ಹಗೇವು ತುಂಬಿದ್ದರೇ ಕಣ್ಣಿಗೆ ನಿದ್ರೆ. ಈ ಮಾತನ್ನು ಮೊಮ್ಮಕ್ಕಳಿಗೆ ಹೇಳಿದರೆ ಅಂಗಳದ ಚಪ್ಪಡಿಗೆ ಅರ್ಥ ಬಂದೀತು. ಹೇಳದಿದ್ದರೆ ಅದು ಕಾಲಿಗೆ ಎಡವುವ ಕಲ್ಲು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಅಜ್ಜನ ಹಗೇವನ್ನು ಮಕ್ಕಳಿಗೆ ತೋರಿಸುವ ಉತ್ಸಾಹದಲ್ಲಿ ಚಪ್ಪಡಿಯನ್ನು ಸರಿಸಿ ಕೂಡಲೇ ಒಳಗಿಳಿಯುವವರುಂಟು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಇಂಗಾಲಾಮ್ಲವಾಯುವು ತಳದಲ್ಲಿ ಮಡುಗಟ್ಟಿರುವುದು. ಅದಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣದು. ಇಳಿದವನು ಕೂಗಿಕೊಳ್ಳುವ ಮೊದಲೇ ಕುಸಿಯುವನು, ಎತ್ತಲು ಹೋದವನೂ ಕುಸಿಯುವನು. ಹಿಂದಿನವರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು ಅದು ನಂದುವುದೋ ಎಂದು ನೋಡುತ್ತಿದ್ದರು. ದೀಪ ಉರಿದರೂ ಭಯವಿಲ್ಲವೆಂದು ಪೂರ್ತಿಯಾಗಿ ನಂಬುವಂತಿಲ್ಲ. ಮೇಲಿನಿಂದಲೇ ದೀಪ ಹಿಡಿದು ತೋರಿಸಿದರೆ ಸಾಲದೆ?

ಕೊಟ್ಟಿಗೆಯ ಸಂಗತಿ ಬೇರೆ. ಅಲ್ಲಿ ದನಗಳಷ್ಟೇ ಇರಲಿಲ್ಲ. ಗೊಂತಿನ ಮೇಲಣ ಅಟ್ಟದಲ್ಲಿ ನೊಗ, ಕುಂಟೆ, ಕೂರಿಗೆ, ಮಿಣಿಹಗ್ಗಗಳೆಲ್ಲ ಇರುತ್ತಿದ್ದವು. ಕೂರಿಗೆಯು ಅಟ್ಟದಲ್ಲಿ ಸಿಕ್ಕೀತು. ಆದರೆ ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆಯನ್ನೋ ತೊಗರಿಯನ್ನೋ ಎಷ್ಟು ಸಾಲಿಗೊಮ್ಮೆ ಬಿಡುತ್ತಿದ್ದರು, ಬೀಜದ ಅವರೆಗೆ ಯಾವ ಬೂದಿಯನ್ನು ಬೆರೆಸಿ ಗುಡಾಣದಲ್ಲಿಡುತ್ತಿದ್ದರು ಎಂಬುದು ಯಾವ ಅಟ್ಟದಲ್ಲಿಯೂ ಸಿಕ್ಕದು. ಅದು ಅಜ್ಜಿಯ ತಲೆಯಲ್ಲಿದೆ. ಬೀಜದ ಕಾಪು ಬಹಳಮಟ್ಟಿಗೆ ಹೆಂಗಸರದೇ ಆಗಿತ್ತು. ಆದರೂ ಮನೆಯ ಚರಿತ್ರೆಯನ್ನು ಬರೆಯಹೊರಟವರು ಗಂಡಸರನ್ನು ಮಾತ್ರ ಕೇಳಿ ಮುಗಿಸುವುದನ್ನು ನಾವು ಕಂಡಿದ್ದೇವೆ.

ಕಣದ ವಿಚಾರವೂ ಹಾಗೆಯೇ. ಸುಗ್ಗಿಯಲ್ಲಿ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಸೆಗಣಿ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು ಸುತ್ತಲೂ ಎತ್ತುಗಳಿಂದ ತುಳಿಸುತ್ತಿದ್ದರು. ರೋಣಗಲ್ಲನ್ನು ಎಳೆಸುವುದೂ ಉಂಟು. ರಾಶಿಯನ್ನು ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನದೆ ‘ಲಾಭ’ ಎನ್ನುವರು. 20 ಕೊಳಗಕ್ಕೆ ಒಂದು ಖಂಡುಗ. 1956ರಲ್ಲಿ ತೂಕ ಅಳತೆಗಳ ಕಾನೂನಾಗಿ, ಕೆಲವೇ ವರ್ಷಗಳಲ್ಲಿ ಕಿಲೋಗ್ರಾಮು ಬಂದ ಮೇಲೆ ಕೊಳಗವು ದೇವರ ಮನೆಯನ್ನೋ ಅಟ್ಟವನ್ನೋ ಸೇರಿತು. ಈಗ ಪೇಟೆಯ ಮನೆಗಳಲ್ಲಿ ಅದರೊಳಗೆ ಹೂವಿನ ಗಿಡವನ್ನು ನೆಡುವರು. ನೆಡಲಿ, ಅದರಲ್ಲಿ ಎಷ್ಟು ಸೇರು ಹಿಡಿಯುತ್ತಿತ್ತೆಂಬುದನ್ನು ಗಿಡ ನೆಡುವ ಮೊದಲು ಅಳೆದು ಬರೆದಿಟ್ಟರೆ ಒಳ್ಳೆಯದು, ಏಕೆಂದರೆ ಕೊಳಗವು ಊರಿಂದೂರಿಗೆ ಬೇರೆಯಾಗಿತ್ತು.

ಕರಾವಳಿಯ ದೊಡ್ಡ ಮನೆಗಳಲ್ಲಿ ಗೇಣಿಯ ಅಕ್ಕಿಯು 42 ಸೇರಿನ ಹುಲ್ಲಿನ ಮುಡಿಗಳಾಗಿ ಬರುತ್ತಿತ್ತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಒಡೆಯನಾದ ಮೇಲೆ ಆ ಉಗ್ರಾಣಗಳು ಬರಿದಾದುವು. ಅದಕ್ಕಾಗಿ ನಾವು ಮರುಗುವವರಲ್ಲ. ಉಗ್ರಾಣವನ್ನು ಕಟ್ಟಿಸಿದವರ ಹೆಸರು ಎಲ್ಲರಿಗೂ ತಿಳಿದಿದೆ. ಮುಡಿ ಕಟ್ಟಿ ಹೊತ್ತು ತಂದವರ ಹೆಸರನ್ನು ಯಾರೂ ಕೇಳಿಲ್ಲ. ಅವರ ಮಕ್ಕಳು ಅದೇ ಊರಿನಲ್ಲಿದ್ದರೆ, ಮನೆಯ ಅಜ್ಜನ ಮಾತನ್ನು ಕೇಳಿದಂತೆ ಅವರ ಮಾತನ್ನೂ ಕೇಳಿ ಬರೆದುಕೊಳ್ಳತಕ್ಕದ್ದು. ಎರಡು ಕಡೆಯ ನೆನಪುಗಳೂ ಒಂದೇ ಆಗಿರಲಾರವು.

ಕಟ್ಟಡವನ್ನು ಉಳಿಸಬಯಸುವವರಿಗೆ ಒಂದೆರಡು ಮಾತು. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆಯನ್ನು ಮೆತ್ತಿಸಬೇಡಿರಿ. ತೇವವು ಒಳಗೇ ಸಿಕ್ಕಿಕೊಂಡು ಗೋಡೆಯು ಹಿಂದಿನಿಂದ ಉದುರುವುದು. ಮಳೆಗಾಲಕ್ಕೆ ಮುಂಚೆ ಹೆಂಚನ್ನು ಕೈಯಾಡಿಸಿದರೆ ಮನೆಯ ಆಯುಸ್ಸಿನಲ್ಲಿ ಅರ್ಧ ಗೆದ್ದಂತೆ. ಒಲೆ ಉರಿಯದ ಮನೆಗೆ ಹೊಗೆಯಿಲ್ಲ, ಹೊಗೆಯಿಲ್ಲದ ಮರಕ್ಕೆ ಗೆದ್ದಲು ಬೇಗ. ಆದುದರಿಂದ ಕಂಬದ ಬುಡವನ್ನು ವರ್ಷಕ್ಕೆರಡು ಬಾರಿಯಾದರೂ ತಟ್ಟಿ ನೋಡಬೇಕು. ಹೆಂಚಿನ ಮೇಲೆ 1865 ಎಂದು ಅಚ್ಚಾಗಿದ್ದರೆ ಕಟ್ಟಡವು ಆ ವರ್ಷದ್ದೆಂದು ಹಿಗ್ಗಬೇಡಿರಿ. ಅದು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ವರ್ಷ.

ಎಲ್ಲವನ್ನೂ ಉಳಿಸುವುದು ಎಲ್ಲರಿಗೂ ಸಾಧ್ಯವಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟಿದರು. ಅಂಥ ಹಟ ನಮ್ಮನಿಮ್ಮಂಥವರಿಗೆಲ್ಲ ಬರುವುದಲ್ಲ. ಆದರೆ ಕಿಸೆಯಲ್ಲಿರುವ ದೂರವಾಣಿಯೇ ಈಗ ಧ್ವನಿಯನ್ನು ಹಿಡಿದಿಡುವಾಗ, ಅಜ್ಜಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಕುಳ್ಳಿರಿಸಿ ಒಂದೊಂದೇ ವಸ್ತುವನ್ನು ತೋರಿಸಿ ಕೇಳುವುದಕ್ಕೆ ಖರ್ಚೇನೂ ಇಲ್ಲ. ‘ಹಳೆಯ ಕಾಲದ ಕತೆ ಹೇಳಿ’ ಎಂದರೆ ಆಕೆ ಏನನ್ನೂ ಹೇಳಲಾರಳು. ಸಡ್ಡೆಯನ್ನು ಕೈಗೆ ಕೊಟ್ಟರೆ ನಿಲ್ಲಿಸಲಾರಳು. ಇದನ್ನು ಬೆಲೆ ಕಟ್ಟುವವನು ಬರುವುದಕ್ಕೆ ಮುಂಚೆ ಮಾಡಬೇಕು.

ಕೊನೆಗೆ ಹಗೇವನ್ನು ಮುಚ್ಚಿಸಲೇಬೇಕಾದರೆ ಚಪ್ಪಡಿಯ ಮೇಲೆ ಮಣ್ಣೆಳೆದು ಬಿಡದೆ, ಒಳಗೆ ಪೂರ್ತಿ ಮಣ್ಣು ತುಂಬಿಸಿ ದಿಮ್ಮಿಸಿರಿ. ಅದರ ಬಾಯಿ ಎಲ್ಲಿತ್ತೆಂಬುದನ್ನು ಪಾಲುಪತ್ರದ ನಕ್ಷೆಯಲ್ಲಿ ಗುರುತು ಹಾಕಿಸಿರಿ. ಮುಂದೆ ಅಲ್ಲಿ ತಳಪಾಯ ತೋಡುವವನಿಗೆ ಅದು ತಿಳಿದಿರಬೇಕು.